ರಾಜರಿದ್ದಿದ್ದರೆ

‘ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನಬಹುದು’ ಎಂಬ ಗಾದೆ ಚರಿತ್ರೆಯ ಪಂಡಿತರಿಗೆ ಬಹಳ ಇಷ್ಟ. ನಡೆದದ್ದನ್ನು ಹೇಳುವುದು ಚರಿತ್ರೆಯ ಕೆಲಸ, ನಡೆಯದೆ ಹೋದದ್ದರ ಗೊಡವೆ ಅದಕ್ಕೆ ಬೇಡ ಎಂಬುದು ಅವರ ಮಾತು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವನು. ಮಕ್ಕಳು ಕೇಳುತ್ತಿದ್ದ ಒಳ್ಳೊಳ್ಳೆಯ ಪ್ರಶ್ನೆಗಳೆಲ್ಲ ಈ ಮೀಸೆ ಬಂದ ಚಿಕ್ಕಮ್ಮನ ಜಾತಿಯವೇ. ಟಿಪ್ಪು ಗೆದ್ದಿದ್ದರೆ ಏನಾಗ್ತಿತ್ತು ಸಾರ್? ಗಾಂಧೀಜಿಗೆ ಗುಂಡು ತಗುಲದೆ ಇದ್ದಿದ್ದರೆ? ಯಾವ ಘಟನೆ ಯಾವ ಎಳೆಯ ಮೇಲೆ ನಿಂತಿತ್ತು ಎಂದು ತಿಳಿಯಬೇಕಾದರೆ ಒಮ್ಮೆ ಆ ಎಳೆಯನ್ನು ಮನಸ್ಸಿನಲ್ಲಾದರೂ ಕಿತ್ತು ನೋಡಲೇಬೇಕು. ಆದ್ದರಿಂದ ಈ ‘ರೆ’ಯನ್ನು ನಾನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾರೆ.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳುವ ‘ರೆ’ ಎಂದರೆ ‘ರಾಜರಿದ್ದಿದ್ದರೆ.’ ಕೆರೆ ಹೂಳು ತುಂಬಿತೆ? ರಾಜರಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೈ ಬಿಸಿ ಮಾಡದೆ ಪಹಣಿ ಸಿಗಲಿಲ್ಲವೆ? ರಾಜರಿದ್ದಿದ್ದರೆ ನೋಡಬೇಕಿತ್ತು. ಇದನ್ನು ಹೇಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಾಜರ ಆಳ್ವಿಕೆಯನ್ನು ಕಣ್ಣಲ್ಲಿ ಕಂಡವರಲ್ಲ. ಅಪ್ಪ ಹೇಳಿದ್ದು, ತಾತ ಹೇಳಿದ್ದು, ಗೋಡೆಯ ಮೇಲಿನ ನಾಲ್ವಡಿಯವರ ಪಟ ಹೇಳಿದ್ದು, ಅಷ್ಟೇ.

ಈ ಮಾತು ನಮ್ಮೊಬ್ಬರದೇ ಅಲ್ಲ. ಹತ್ತನೆಯ ತರಗತಿಗೆ ಜರ್ಮನಿಯ ಪಾಠ ಮಾಡುವಾಗ ನನಗೆ ಪ್ರತಿವರ್ಷವೂ ಅನ್ನಿಸುತ್ತಿತ್ತು, ಅಲ್ಲಿನವರೂ ಇದನ್ನೇ ಅಲ್ಲವೆ ಹೇಳಿದ್ದು ಎಂದು. 1918ರ ನವೆಂಬರ್ 9ರಂದು ಕೈಸರ್ ಎರಡನೆಯ ವಿಲ್ಹೆಲ್ಮನ ಸಿಂಹಾಸನ ಹೋಯಿತು. ಅವನು ಹಾಲೆಂಡಿಗೆ ಹೋಗಿ ಡೋರ್ನ್ ಎಂಬಲ್ಲಿ ಮನೆ ಮಾಡಿಕೊಂಡ. ಹಿಂದೆಯೇ ಗಣರಾಜ್ಯ ಬಂತು, ಸೋಲಿನ ಪರಿಹಾರದ ಹೊರೆ ಬಂತು, ಹಣದ ಬೆಲೆ ನೆಲಕಚ್ಚಿತು. 1932ರ ಆರಂಭದ ಹೊತ್ತಿಗೆ ಕೆಲಸವಿಲ್ಲದವರ ಲೆಕ್ಕ 60 ಲಕ್ಷ ಮುಟ್ಟಿತ್ತು. ಆಗ ಎಷ್ಟೋ ಮನೆಗಳಲ್ಲಿ ಹಿರಿಯರು ಪಟದ ಕಡೆ ಕೈ ತೋರಿಸಿ ‘ಕೈಸರ್ ಇದ್ದಿದ್ದರೆ’ ಎಂದಿರಬೇಕು.

ಮುಂದೆ ಆ ದೇಶದಲ್ಲಿ ನಡೆದದ್ದು ಎಷ್ಟು ಘೋರವೆಂದರೆ, ವಿದ್ವಾಂಸರೂ ಈ ‘ರೆ’ಗೆ ಮರುಳಾದರು. ಜರ್ಮನಿಯಲ್ಲಿ ಸಂವಿಧಾನಕ್ಕೆ ಒಳಪಟ್ಟ ಒಬ್ಬ ರಾಜನನ್ನು ಉಳಿಸಿದ್ದರೆ ಹಿಟ್ಲರ್ ಬರುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಚರ್ಚಿಲ್ ಕೂಡ ಬರೆದಿದ್ದಾನೆ. 1930ರಿಂದ 1932ರವರೆಗೆ ಪ್ರಧಾನಿಯಾಗಿದ್ದ ಬ್ರೂನಿಂಗ್, ತಾನು ಕೈಸರನ ಮೊಮ್ಮಕ್ಕಳಲ್ಲಿ ಒಬ್ಬನಿಗೆ ಪಟ್ಟ ಕಟ್ಟುವ ಯೋಚನೆ ಮಾಡಿದ್ದೆನೆಂದು ಆತ್ಮಕಥೆಯಲ್ಲಿ ಹೇಳಿಕೊಂಡ. ಅದು 1970ರಲ್ಲಿ ಅವನು ತೀರಿಕೊಂಡ ಮೇಲೆ ಅಚ್ಚಾಯಿತು. ಇತಿಹಾಸಕಾರರು ಅದನ್ನು ಪೂರ್ತಿ ನಂಬಿಲ್ಲ. ನಂಬಿದೆವೆಂದೇ ಇಟ್ಟುಕೊಳ್ಳೋಣ. 1932ರಲ್ಲಿ ಬರ್ಲಿನ್ನಿನಲ್ಲಿ ಸಂಪ್ರದಾಯಸ್ಥರ, ರಾಜನಿಷ್ಠರ ಸರ್ಕಾರವೊಂದು ಬಂದು, ಹಳೆಯ ಮನೆತನದವನೊಬ್ಬ ಗದ್ದುಗೆ ಏರಿದ್ದರೆ?

ಮೊದಲು ಕೇಳಬೇಕಾದ್ದು, ಏರುವವನು ಯಾರು ಎಂದು. ಯುವರಾಜ ವಿಲ್ಹೆಲ್ಮ್ 1932ರ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಹೊರಟಿದ್ದ. ಡೋರ್ನ್‌ನಲ್ಲಿದ್ದ ಅಪ್ಪ ಕೂಡದು ಎಂದ. ಮಗ ಸುಮ್ಮನಾದ, ಆದರೆ ಎರಡನೆಯ ಸುತ್ತಿನಲ್ಲಿ ಹಿಟ್ಲರನಿಗೇ ತನ್ನ ಬೆಂಬಲವೆಂದು ಬಹಿರಂಗವಾಗಿ ಸಾರಿದ. ಅವನ ತಮ್ಮ ಆಗಸ್ಟ್ ವಿಲ್ಹೆಲ್ಮ್ ಅಷ್ಟು ಹೊತ್ತಿಗೆ ನಾಜಿ ಪಕ್ಷದ ಸದಸ್ಯನೇ ಆಗಿದ್ದ. ಅಧ್ಯಕ್ಷ ಹಿಂಡೆನ್‌ಬರ್ಗ್ ಕೈಸರನ ಹಳೆಯ ಸೇನಾಪತಿ. ಅವನು ನೇಮಿಸಿದ ಪಾಪೆನ್ನನ ಸಂಪುಟವಂತೂ ಪೂರಾ ಜಹಗೀರುದಾರರ ಸಂಪುಟ. ಅಂದರೆ ರಾಜನೊಬ್ಬನನ್ನು ಬಿಟ್ಟು ರಾಜನಿಷ್ಠರ ಸರ್ಕಾರಕ್ಕೆ ಬೇಕಾದ್ದೆಲ್ಲ ಅಲ್ಲಿತ್ತು. 1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳ ಮತ ಸುಮಾರು 20 ಲಕ್ಷ ಇಳಿದಿತ್ತು. ಇಳಿಯುತ್ತಿದ್ದವನನ್ನು ಕೈ ಹಿಡಿದು ಮೇಲಕ್ಕೆತ್ತಿದವರು ಇದೇ ಪಾಪೆನ್, ಇದೇ ಹಿಂಡೆನ್‌ಬರ್ಗ್. ಈ ಗಲಾಟೆಯವನನ್ನು ನಾವು ಜೀತಕ್ಕಿಟ್ಟುಕೊಂಡೆವು ಎಂದು ಅವರು ತಿಳಿದಿದ್ದರು. 1933ರ ಜನವರಿ 30ರಂದು ಹಿಟ್ಲರ್ ಪ್ರಧಾನಿಯಾದ. ಮಾರ್ಚ್ 21ರಂದು ಪಾಟ್ಸ್‌ಡಾಮಿನ ಇಗರ್ಜಿಯಲ್ಲಿ ದೊಡ್ಡ ಸಮಾರಂಭ. ಅಲ್ಲಿ ಕೈಸರನಿಗೆಂದು ಒಂದು ಖಾಲಿ ಕುರ್ಚಿ ಹಾಕಿಸಿದ್ದರು, ಯುವರಾಜ ಬಂದು ಕುಳಿತಿದ್ದ. ಮುಂದಿನ ವರ್ಷವೇ ರಾಜಪಕ್ಷದ ಸಂಘಗಳನ್ನೆಲ್ಲ ಹಿಟ್ಲರ್ ನಿಷೇಧಿಸಿದ.

ಬವೇರಿಯದಲ್ಲಿ ಮಾತ್ರ ಸ್ವಲ್ಪ ಬೇರೆ. ಅಲ್ಲಿನ ಹಳೆಯ ರಾಜಮನೆತನದ ರುಪ್ರೆಕ್ಟ್ ನಾಜಿಗಳನ್ನು ಹತ್ತಿರ ಸೇರಿಸಿದವನಲ್ಲ. 1933ರ ಆರಂಭದಲ್ಲಿ ಅವನ ಕೈಗೆ ಅಧಿಕಾರ ಕೊಟ್ಟು ನಾಜಿಗಳನ್ನು ತಡೆಯೋಣವೆಂದು ಅಲ್ಲಿ ಮಾತುಕತೆ ನಡೆಯಿತು. ಮಾತು ಮಾತಿನಲ್ಲೇ ಇರುವಾಗ ಮಾರ್ಚ್‌ನಲ್ಲಿ ನಾಜಿಗಳು ಮ್ಯೂನಿಕ್ಕಿನ ಆಡಳಿತವನ್ನು ಕಿತ್ತುಕೊಂಡರು. ಒಳ್ಳೆಯ ರಾಜಕುಮಾರನಿದ್ದ, ಅವನ ಮಾತನ್ನು ನಡೆಸಿಕೊಡುವ ವ್ಯವಸ್ಥೆ ಇರಲಿಲ್ಲ. ರಾಜನಿದ್ದೂ ಏನಾಯಿತು ಎಂದು ನೋಡಬೇಕಾದರೆ ಇಟಲಿ ಇದೆ. 1922ರ ಅಕ್ಟೋಬರ್‌ನಲ್ಲಿ ಮುಸ್ಸೋಲಿನಿಯ ಕರಿ ಅಂಗಿಯವರು ರೋಮಿನ ಕಡೆ ಹೊರಟಾಗ, ಸೈನ್ಯವನ್ನಿಳಿಸುವ ಆಜ್ಞೆಗೆ ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ. ಕರೆದು ಪ್ರಧಾನಿ ಪಟ್ಟವನ್ನೇ ಕೊಟ್ಟ. ಅವನನ್ನು ಇಳಿಸಿದ್ದು 1943ರಲ್ಲಿ, ದೇಶ ಹಾಳಾದ ಮೇಲೆ.

ಹಾಗಾದರೆ ‘ಕೈಸರ್ ಇದ್ದಿದ್ದರೆ’ ಎಂಬುದಕ್ಕೆ ನನ್ನ ಉತ್ತರ ಇಷ್ಟು: ಗದ್ದುಗೆಯ ಮೇಲೆ ಒಬ್ಬನು ಇದ್ದಾನೆ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಗದ್ದುಗೆಯ ಮುಂದೆ ನಿಂತು ‘ಇದು ಸರಿಯಲ್ಲ ಬುದ್ಧಿ’ ಎನ್ನಲು ಯಾರಿಗೆ ಧೈರ್ಯವಿತ್ತು, ಯಾರಿಗೆ ಹಕ್ಕಿತ್ತು ಎಂಬುದರ ಮೇಲೆ ಎಲ್ಲ ನಿಂತಿದೆ. ಇದನ್ನು ಅರಿಯಲು ಜರ್ಮನಿಯವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಎರಡು ತಾಲ್ಲೂಕುಗಳ ನೆಲವೇ ಸಾಕು.

ಮೈಸೂರಿನ ಸಿಂಹಾಸನ ಎಂಥ ಆಕಸ್ಮಿಕಗಳ ಮೇಲೆ ನಿಂತಿತ್ತು ಎಂಬುದಕ್ಕೆ ಚಾಮರಾಜನಗರವೇ ಸಾಕ್ಷಿ. ಅದರ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಅಲ್ಲಿ ಒಂದು ಗಂಡುಮಗು ಹುಟ್ಟಿತು. ಎರಡು ವರ್ಷ ಕಳೆದ ಮೇಲೆ ಶ್ರೀರಂಗಪಟ್ಟಣದಲ್ಲಿ ಹೆಸರಿಗೆ ಮಾತ್ರ ದೊರೆಯಾಗಿದ್ದವರು ತೀರಿಕೊಂಡರು. ಆಳುತ್ತಿದ್ದವನು ಹೈದರ್, ಆದರೂ ಸಿಂಹಾಸನದ ಮೇಲೆ ಒಂದು ಮಗುವಾದರೂ ಬೇಕಿತ್ತು. ಇತಿಹಾಸಕಾರ ವಿಲ್ಕ್ಸ್ ಹೇಳುವ ಕಥೆ ಹೀಗೆ: ಹೈದರ್ ಅರಸು ಮನೆತನದ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ ಹಣ್ಣು, ಮಿಠಾಯಿ, ಆಟದ ಸಾಮಾನುಗಳನ್ನು ಹರಡಿಸಿದ. ಮಕ್ಕಳು ಮುಗಿಬಿದ್ದವು. ಒಂದು ಮಗು ಮಾತ್ರ ಬಲಗೈಗೆ ಹೊಳೆಯುವ ಪುಟ್ಟ ಕಠಾರಿಯನ್ನೂ ಎಡಗೈಗೆ ನಿಂಬೆಹಣ್ಣನ್ನೂ ತೆಗೆದುಕೊಂಡಿತು. ಇವನೇ ರಾಜ ಎಂದ ಹೈದರ್. ಆ ಮಗುವೇ ಖಾಸಾ ಚಾಮರಾಜ ಒಡೆಯರು. ಕಥೆ ನಿಜವೋ ಕಟ್ಟಿದ್ದೋ, ಆಯ್ಕೆಯಂತೂ ನಡೆಯಿತು. ಅವರ ಮಗ ಮುಮ್ಮಡಿ ಕೃಷ್ಣರಾಜರನ್ನು 1799ರಲ್ಲಿ, ಐದು ವರ್ಷದ ಹುಡುಗನಾಗಿದ್ದಾಗ, ಇಂಗ್ಲಿಷರು ಪಟ್ಟಕ್ಕೆ ಕೂರಿಸಿದರು. ಮುಮ್ಮಡಿಯವರೇ 1818ರಲ್ಲಿ ತಂದೆ ಹುಟ್ಟಿದ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟು, ಮುಂದೆ ಚಾಮರಾಜೇಶ್ವರ ದೇವಾಲಯವನ್ನೂ ಜನನ ಮಂಟಪವನ್ನೂ ಕಟ್ಟಿಸಿದರು. ಆವತ್ತು ಇನ್ನೊಂದು ಮಗು ಕಠಾರಿಯ ಕಡೆ ತೆವಳಿದ್ದರೆ ನಮ್ಮ ಊರಿಗೆ ಈಗಲೂ ಅರಿಕುಠಾರವೆಂದೇ ಹೆಸರಿರುತ್ತಿತ್ತು.

ಗುಂಡ್ಲುಪೇಟೆಯ ಕಡೆಯ ಕಥೆ ಇನ್ನೂ ಹಳೆಯದು, ಇನ್ನೂ ಕಹಿಯಾದದ್ದು. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುಂಚೆ ಗುಂಡ್ಲುಪೇಟೆಯ ಹತ್ತಿರದ ಹಂಗಳದಲ್ಲಿ ಸೆರೆಯಂಥ ಬದುಕಿನಲ್ಲಿದ್ದರು. ಜೊತೆಗಿದ್ದ ಜೈನ ಪಂಡಿತ ವಿಶಾಲಾಕ್ಷ 1673ರಲ್ಲಿ ಅವರ ಮಂತ್ರಿಯಾದ. ದೊರೆ ದಕ್ಷ, ಮಂತ್ರಿ ಬುದ್ಧಿವಂತ, ಬೊಕ್ಕಸ ತುಂಬಿತು. ತುಂಬಿದ್ದು ರೈತರ ಮೇಲೆ ಹೇರಿದ ಹೊಸ ಹೊಸ ತೆರಿಗೆಗಳಿಂದ. ಆಗ ರೈತರು ಏನು ಮಾಡಿದರೆಂದು ವಿಲ್ಕ್ಸ್ ಬರೆಯುತ್ತಾನೆ: ಉಳುವುದನ್ನು ಬಿಟ್ಟು, ನೇಗಿಲನ್ನು ತಲೆಕೆಳಗು ಮಾಡಿ ಊರಬಾಗಿಲ ಮರಕ್ಕೆ ನೇತುಹಾಕಿದರಂತೆ. ಇದಕ್ಕೆ ಹಿಂದೆ ನಿಂತವರೆಂದು ನೂರಾರು ಜಂಗಮರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಿದರೆಂದೂ ಅವನು ಬರೆದಿದ್ದಾನೆ. 1686ರಲ್ಲಿ ವಿಶಾಲಾಕ್ಷ ಪಂಡಿತನೂ ಕೊಲೆಯಾದ.

ಆ ನೇಗಿಲು ನನ್ನನ್ನು ಬಹಳ ಕಾಡಿದೆ. ಒಬ್ಬ ರೈತ ತನ್ನ ನೇಗಿಲನ್ನು ಮರಕ್ಕೆ ನೇತುಹಾಕಬೇಕಾದರೆ, ಅದಕ್ಕೂ ಮುಂಚೆ ಹೇಳಿಕೊಳ್ಳಲು ಅವನಿಗೆ ಒಂದು ಬಾಗಿಲೂ ಇರಲಿಲ್ಲ ಎಂದಲ್ಲವೆ ಅರ್ಥ? 1830ರಲ್ಲಿ ನಗರದ ಕಡೆ ರೈತರು ಕೂಟ ಸೇರಿ ಬಂಡೆದ್ದಾಗಲೂ ಇದೇ ಆಯಿತು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಮುಮ್ಮಡಿಯವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. 1865ರಲ್ಲಿ ಮುಮ್ಮಡಿಯವರು ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಲಂಡನ್ನಿನವರು 1867ರಲ್ಲಿ ಒಪ್ಪದೆ ಹೋಗಿದ್ದರೆ ಮೈಸೂರು ಪೂರಾ ಬ್ರಿಟಿಷ್ ಜಿಲ್ಲೆಗಳಾಗಿ ಹರಿದು ಹಂಚಿಹೋಗುತ್ತಿತ್ತು. ಒಪ್ಪಿದ್ದರಿಂದ 1881ರಲ್ಲಿ ರಾಜ್ಯ ಮರಳಿ ಬಂತು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆ ಸಭೆಗೆ ಹೆಚ್ಚಿನ ಅಧಿಕಾರವೇನೂ ಇರಲಿಲ್ಲ. ಹೇಳಬಹುದು, ಕೇಳಬಹುದು, ಕೊಡುವುದು ಬಿಡುವುದು ಸರ್ಕಾರದ ಚಿತ್ತ. ಆದರೂ ನೇಗಿಲನ್ನು ಮರಕ್ಕೆ ಕಟ್ಟುವ ಮುಂಚೆ ಬಾಯಿಬಿಡಲು ಒಂದು ಜಾಗ ಸಿಕ್ಕಿತು. ನಮ್ಮ ರಾಜರ ಕಾಲದ ದೊಡ್ಡ ಕೆಲಸ ಯಾವುದು ಎಂದು ಕೇಳಿದರೆ, ಕನ್ನಂಬಾಡಿ ಕಟ್ಟೆಗಿಂತ ಮೊದಲು ನಾನು ಇದನ್ನು ಹೇಳುತ್ತೇನೆ.

ಎರಡು ಮಹಾಯುದ್ಧಗಳ ನಡುವಿನ ಮೈಸೂರನ್ನು ಹೊಗಳಲು ಕಾರಣಗಳು ಬೇಕಾದಷ್ಟಿವೆ. ನಾಲ್ವಡಿ ಕೃಷ್ಣರಾಜ ಒಡೆಯರು 1902ರಿಂದ 1940ರವರೆಗೆ ಆಳಿದರು. ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣ, ಗಂಧದ ಸಾಬೂನು, ಕೃಷ್ಣರಾಜಸಾಗರ, ಇವೆಲ್ಲ ಆ ಕಾಲದವು. 1926ರಲ್ಲಿ ನಂಜನಗೂಡಿನಿಂದ ರೈಲು ಚಾಮರಾಜನಗರಕ್ಕೆ ಬಂತು. ಆ ವರ್ಷವೇ ದಿವಾನರಾದ ಮಿರ್ಜಾ ಇಸ್ಮಾಯಿಲ್ 1941ರವರೆಗೆ ಇದ್ದರು. ಜರ್ಮನಿ ಹೊರದೂಡಿದವರಿಗೆ ಇಲ್ಲಿ ಜಾಗ ಸಿಕ್ಕಿದ್ದೂ ಆಗಲೇ. ಯೆಹೂದಿಯೆಂದು ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಕರೆದಾಗ 1935–36ರಲ್ಲಿ ಬೆಂಗಳೂರಿಗೆ ಬಂದು ಆರು ತಿಂಗಳು ಇದ್ದರು. ಅವರ ಬಂಧು, ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದರು. ರಾಜರನ್ನು ಕಳೆದುಕೊಂಡ ದೇಶದಿಂದ ಓಡಿಬಂದವರಿಗೆ ರಾಜರಿದ್ದ ಸೀಮೆಯಲ್ಲಿ ನೆರಳು ಸಿಕ್ಕಿತಲ್ಲ, ಇದನ್ನು ಮರೆಯಬಾರದು.

ಆದರೆ ಹೊಗಳುವ ಮುಂಚೆ ಪಕ್ಕದ ಮನೆಯನ್ನೂ ನೋಡಬೇಕು. ನಮಗೆ ಆ ಅನುಕೂಲವಿದೆ. ಅದೇ ಕೊಳ್ಳೇಗಾಲ.

1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಇಂಗ್ಲಿಷರು ಕೊಯಮತ್ತೂರು ಸೀಮೆಯನ್ನು ತಾವು ಇಟ್ಟುಕೊಂಡರು. ಕೊಳ್ಳೇಗಾಲ ಅದರ ಜೊತೆ ಹೋಯಿತು. ಚಾಮರಾಜನಗರ, ಗುಂಡ್ಲುಪೇಟೆ ಮಹಾರಾಜರಿಗೆ ಉಳಿದವು. ನಡುವಿನ ಯಳಂದೂರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಒಂದೇ ಮಾತು, ಒಂದೇ ರಾಗಿಮುದ್ದೆ, ಒಂದೇ ಮಾದಪ್ಪನ ಪರಿಷೆ. ಆದರೂ ಒಬ್ಬರಿಗೆ ರಾಜ, ಒಬ್ಬರಿಗೆ ಜಹಗೀರುದಾರ, ಒಬ್ಬರಿಗೆ ಕೊಯಮತ್ತೂರಿನ ಕಲೆಕ್ಟರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರುವವರೆಗೆ ಹೀಗೇ ನಡೆಯಿತು. ‘ರಾಜರು ಇಲ್ಲದಿದ್ದರೆ ನಾವು ಹೇಗಿರುತ್ತಿದ್ದೆವು’ ಎಂದು ನಮ್ಮವರು ಊಹಿಸಬೇಕಾಗಿರಲಿಲ್ಲ. ಎತ್ತಿನ ಗಾಡಿ ಕಟ್ಟಿ ಹೊರಟರೆ ಹೋಗಿ ನೋಡಿಬರಬಹುದಿತ್ತು.

ನಮ್ಮ ಮನೆಯಲ್ಲಿ ಆ ಗಾಡಿ ಸದಾ ಓಡಾಡುತ್ತಿತ್ತು. ಅಪ್ಪನ ಅಪ್ಪ ತೆರಕಣಾಂಬಿಯ ಕಡೆಯವರು, ಅಮ್ಮನ ಅಪ್ಪ ಕೊಳ್ಳೇಗಾಲದವರು. ಇಬ್ಬರು ಬೀಗರೂ ಹಬ್ಬಕ್ಕೆ ಸೇರಿದರೆಂದರೆ ಜಗಲಿಯಲ್ಲಿ ಎಲೆಅಡಿಕೆ ತಟ್ಟೆಯ ಮುಂದೆ ಎರಡು ರಾಜ್ಯಗಳ ವಾದ ಶುರುವಾಗುತ್ತಿತ್ತು. ಆ ಹೊತ್ತಿಗೆ ಎರಡು ರಾಜ್ಯಗಳೂ ಹೋಗಿ ಎಷ್ಟೋ ವರ್ಷವಾಗಿತ್ತು, ವಾದ ಮಾತ್ರ ಹೋಗಿರಲಿಲ್ಲ.

“ನಮ್ ಮಹಾರಾಜ್ರು ದಸರದಲ್ಲಿ ಅಂಬಾರಿ ಮೇಲೆ ಬರದ ನೋಡುದ್ರೆ ಕಣ್ಣು ತುಂಬ್ಕೊತಿತ್ತು ಬೀಗ್ರೆ. ನಿಮ್ಗೇನಿತ್ತು, ಆ ಕೆಂಪು ಮೊಕದ ಕಲೆಕ್ಟರು” ಎಂದು ತೆರಕಣಾಂಬಿಯ ತಾತ ಶುರುಮಾಡುತ್ತಿದ್ದರು.

“ಕಣ್ಣು ತುಂಬುದ್ರೆ ಹೊಟ್ಟೆ ತುಂಬುತ್ತ ಬೀಗ್ರೆ? ಮೂವತ್ತೇಳರಲ್ಲಿ ನಾನು ಓಟ್ ಹಾಕ್ದೆ. ರಾಜಾಜಿ ಬಂದ್ರು. ಸಾಲಗಾರನ ಬಡ್ಡಿ ಇಳೀತು. ನಿಮ್ ಮಹಾರಾಜ್ರು ನಿಮ್ನ ಯಾವತ್ತಾದ್ರೂ ಕೇಳಿದ್ರಾ, ದಿವಾನ್ರು ಯಾರಾಗ್ಬೇಕು ಅಂತ?”

“ಕೇಳ್ದೆ ಇದ್ರೂ ಒಳ್ಳೇರ್ನೇ ಮಡಗಿದ್ರಲ್ಲ.”

“ಒಳ್ಳೇರ್ನ ಮಡಗಿದ್ರು, ಸರಿ ಕನಿ. ಕೆಟ್ಟೋರ್ನ ಮಡಗಿದ್ರೆ ಏನ್ ಮಾಡ್ತಿದ್ರಿ?”

ತೆರಕಣಾಂಬಿಯ ತಾತ ಇದಕ್ಕೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ. ಹಾಗೆಂದು ಕೊಳ್ಳೇಗಾಲದ ತಾತನೇ ಗೆದ್ದರು ಎನ್ನಲೂ ಆಗದು. “ನಿಮ್ ಕಚೇರಿ ಕಾಗ್ದ ಓದ್ಸಕ್ಕೆ ತಮಿಳು ಬರೋನ ಮನೆ ಬಾಗ್ಲಿಗೆ ಹೋಗ್ಬೇಕಿತ್ತಲ್ಲ, ಅದ್ನೂ ಹೇಳಿ” ಎಂದು ಇವರು ಚುಚ್ಚಿದರೆ ಅವರು ಸುಣ್ಣದ ಡಬ್ಬಿಯನ್ನು ಹುಡುಕುತ್ತಿದ್ದರು. ಕೊಯಮತ್ತೂರು ದೂರ, ಮದರಾಸು ಇನ್ನೂ ದೂರ. ದೊಡ್ಡ ಪ್ರಾಂತ್ಯದ ತುದಿಯಲ್ಲಿದ್ದ ಕನ್ನಡದ ತಾಲ್ಲೂಕನ್ನು ಕೇಳುವವರು ಕಡಿಮೆ. ಅವರ ಆ ಮತವೂ ಎಲ್ಲರಿಗೆ ಇರಲಿಲ್ಲ. ಆಸ್ತಿ, ಕಂದಾಯ, ಓದು ಇದ್ದವರಿಗಷ್ಟೇ ಅದು.

ಇಬ್ಬರ ವಾದವನ್ನೂ ತೂಗಿ ನೋಡುವಾಗ ನನಗೆ ಒಂದು ವರ್ಷ ಮುಖ್ಯವೆನಿಸುತ್ತದೆ. ಅದು 1921. ಸರ್ಕಾರಿ ಕೆಲಸಗಳೆಲ್ಲ ಒಂದೇ ಜಾತಿಯವರ ಕೈಯಲ್ಲಿವೆ ಎಂಬ ದೂರು ಮೈಸೂರಿನಲ್ಲಿ 1917ರ ಪ್ರಜಾಮಿತ್ರ ಮಂಡಲಿಯ ಮೂಲಕ ಎದ್ದಿತು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ಇದನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಆ ವರ್ಷ ಹುದ್ದೆಯನ್ನು ಬಿಟ್ಟರು. 1921ರಲ್ಲಿ ಹಿಂದುಳಿದವರಿಗೆ ಕೆಲಸಗಳಲ್ಲಿ ಪಾಲು ಕೊಡುವ ಆಜ್ಞೆ ಹೊರಟಿತು. ಇದನ್ನು ನಾಲ್ವಡಿಯವರ ಔದಾರ್ಯವೆಂದು ನಾವು ಹೇಳುತ್ತೇವೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅದೇ 1921ರಲ್ಲಿ, ರಾಜನೇ ಇಲ್ಲದ ಮದರಾಸಿನಲ್ಲೂ ಜಸ್ಟಿಸ್ ಪಕ್ಷದ ಸರ್ಕಾರ ಅಂಥದ್ದೇ ಆಜ್ಞೆಯನ್ನು ಹೊರಡಿಸಿತು. ರಾಜನಿದ್ದ ಕಡೆಯೂ ಬಂತು, ಇಲ್ಲದ ಕಡೆಯೂ ಬಂತು. ಎರಡೂ ಕಡೆ ಇದ್ದದ್ದು ಕೇಳುವ ಜನ. ಕೇಳಿದಾಗ ಕೊಟ್ಟದ್ದು ನಾಲ್ವಡಿಯವರ ದೊಡ್ಡತನ. ಕೇಳಿದ್ದು ಯಾರ ದೊಡ್ಡತನ?

ಕೇಳಿದಾಗಲೆಲ್ಲ ಕೊಟ್ಟರೆ? ಅದೂ ಇಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಸೇರಿ, ನಿಷೇಧವನ್ನು ಮೀರಿ ಬಾವುಟ ಹಾರಿಸಿದರು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಗಡಿಯಾಚೆಯ ಮದರಾಸಿನಲ್ಲಿ ಆ ಹೊತ್ತಿಗೆ ಕಾಂಗ್ರೆಸ್ಸಿನದೇ ಸರ್ಕಾರ. ರಾಜರ್ಷಿಯ ರಾಜ್ಯದಲ್ಲಿ ಬಾವುಟಕ್ಕೆ ಗುಂಡು, ಪರದೇಶಿಯವರ ಪ್ರಾಂತ್ಯದಲ್ಲಿ ಅದೇ ಬಾವುಟದವರಿಗೆ ಮಂತ್ರಿಗಿರಿ! ಸರ್ದಾರ್ ಪಟೇಲರು ಬಂದು ಮಿರ್ಜಾ ಅವರ ಜೊತೆ ಒಪ್ಪಂದ ಮಾಡಿದರು. ಬಾವುಟ ಹಾರಿಸಲು ಅಡ್ಡಿಯಿಲ್ಲವೆಂದಾಯಿತು. ಸುಧಾರಣೆಗೆ ಸಮಿತಿ ಆಯಿತು, 1940ರಲ್ಲಿ ಕಾಯಿದೆಯೂ ಆಯಿತು. ಆದರೆ ದಿವಾನರು ಮಾತ್ರ ಜನರಿಗಲ್ಲ, ಮಹಾರಾಜರಿಗೇ ಉತ್ತರ ಹೇಳಬೇಕಾದವರಾಗಿ ಉಳಿದರು. ನನ್ನ ಪಾಲಿಗೆ ಮೈಸೂರಿನ ಚರಿತ್ರೆಯ ನಿಜವಾದ ‘ರೆ’ ಇಲ್ಲಿದೆ. 1938ರಲ್ಲೇ, ನಾಲ್ವಡಿಯವರು ಬದುಕಿರುವಾಗಲೇ, ಜವಾಬ್ದಾರಿ ಸರ್ಕಾರವನ್ನು ಕೊಟ್ಟಿದ್ದರೆ? ಅಂಥ ರಾಜ, ಕೇಳಲು ಕಲಿತ ಜನ, ಅರವತ್ತು ವರ್ಷಕ್ಕೆ ಹತ್ತಿರವಾಗಿದ್ದ ಸಭೆ, ಮೂರೂ ಕೂಡಿದ್ದವು. ಇಡೀ ದೇಶಕ್ಕೆ ಒಂದು ಮಾದರಿ ಸಿಗುತ್ತಿತ್ತು. ಆ ಹೊತ್ತು ಕೈತಪ್ಪಿತು.

ಅದಕ್ಕೆ ಬೆಲೆ ತೆತ್ತದ್ದು 1947ರಲ್ಲಿ. ಜಯಚಾಮರಾಜ ಒಡೆಯರು ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೂ ರಾಜ್ಯದೊಳಗೆ ಅಧಿಕಾರ ಜನರ ಕೈಗೆ ಬರಲಿಲ್ಲ. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಶುರುವಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ತಿಂಗಳೊಳಗೆ ಮೈಸೂರಿನಲ್ಲಿ ರಾಮಸ್ವಾಮಿ ಎಂಬ ಶಾಲೆಯ ಹುಡುಗ ಗುಂಡಿಗೆ ಬಲಿಯಾದ. ಮೈಸೂರಿನ ರಾಮಸ್ವಾಮಿ ವೃತ್ತವನ್ನು ದಿನವೂ ಸಾವಿರಾರು ಜನ ದಾಟುತ್ತಾರೆ. ಅದು ಯಾವ ರಾಮಸ್ವಾಮಿ ಎಂದು ಕ್ಲಾಸಿನಲ್ಲಿ ಕೇಳಿದರೆ ಏಳುತ್ತಿದ್ದ ಕೈ ಒಂದೋ ಎರಡೋ. ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿಯವರ ಸಂಪುಟ ಬಂತು. ಹೈದರಾಬಾದಿನಂತೆ ಸೈನ್ಯ ಬರುವವರೆಗೆ ಎಳೆಯಲಿಲ್ಲವೆಂಬುದು ಮೈಸೂರಿನ ಪುಣ್ಯ. ಆ ಪುಣ್ಯದಲ್ಲಿ ದೊರೆಯ ವಿವೇಕದ ಪಾಲಿದೆ, ಬೀದಿಗಿಳಿದ ಜನರ ಪಾಲೂ ಇದೆ.

ಜರ್ಮನಿಯ ರಾಜನಿಷ್ಠರು 1932ರಲ್ಲಿ ಬಯಸಿದ್ದು ಏನು ಎಂದು ಈಗ ಮತ್ತೆ ಯೋಚಿಸಿದರೆ, ವ್ಯತ್ಯಾಸ ಎದ್ದು ಕಾಣುತ್ತದೆ. ಅವರು ರಾಜನನ್ನು ತರಲು ಹೊರಟದ್ದು ಗಲಾಟೆಯ ಶಾಸನಸಭೆಯನ್ನು ಮೂಲೆಗೆ ತಳ್ಳಲು. ಕೇಳುವ ಬಾಯಿಗಳನ್ನು ಮುಚ್ಚಿಸಲು ಅವರಿಗೆ ಕಿರೀಟ ಬೇಕಿತ್ತು. ಅಂಥ ಕಿರೀಟ ಬಂದಿದ್ದರೂ ಅದರ ನೆರಳಿನಲ್ಲಿ ಹಿಟ್ಲರನೇ ಬೆಳೆಯುತ್ತಿದ್ದ. ಮೈಸೂರಿನಲ್ಲಿ ಎಷ್ಟೇ ನಿಧಾನವಾದರೂ ಕಿರೀಟದ ಕೆಳಗೆ ಸಭೆ ಬೆಳೆಯಿತು. ಆದ್ದರಿಂದಲೇ ಕಿರೀಟ ಹೋದಾಗ ಇಲ್ಲಿ ಮನೆ ಕುಸಿಯಲಿಲ್ಲ. ರಾಜ ಹೋದ ಮೇಲೂ ಏನು ನಿಂತಿತು ಎಂಬುದರಿಂದಲೇ ಒಬ್ಬ ರಾಜನನ್ನು ಅಳೆಯಬೇಕು. ಆ ಅಳತೆಯಲ್ಲಿ ನಮ್ಮವರು ದೊಡ್ಡವರೇ.

ನಿಂತದ್ದು ಏನೇನು ಎಂದು ನಮ್ಮ ಎರಡು ತಾಲ್ಲೂಕುಗಳಲ್ಲೇ ನೋಡಬಹುದು. ರಾಜರ ಬೇಟೆಯ ಕಾಡು ಬಂಡೀಪುರ 1973ರಲ್ಲಿ ಹುಲಿಯನ್ನು ಕಾಯುವ ಕಾಡಾಯಿತು. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತಮ್ಮ ಕಾಡಿನ ಮೇಲೆ ಹಕ್ಕಿದೆಯೆಂದು ಬರೆದುಕೊಟ್ಟದ್ದು ಯಾವ ದೊರೆಯೂ ಅಲ್ಲ. ಸಂಸತ್ತಿನ 2006ರ ಕಾಯಿದೆಯ ಅಡಿಯಲ್ಲಿ, 2011ರಲ್ಲಿ ಅದು ಸಿಕ್ಕಿತು. ಆಲೂರಿನ ಬಿ. ರಾಚಯ್ಯನವರ ವಿಷಯವನ್ನೂ ನೆನೆಯಬೇಕು. ದಲಿತ ಕುಟುಂಬದಲ್ಲಿ ಹುಟ್ಟಿ, ಶಾಸಕರಾಗಿ, ಮಂತ್ರಿಯಾಗಿ, ಕಡೆಗೆ ಕೇರಳದ ರಾಜ್ಯಪಾಲರಾದರು. ಜಯಚಾಮರಾಜ ಒಡೆಯರು ಮೈಸೂರಿಗೂ ಮದರಾಸಿಗೂ ರಾಜ್ಯಪಾಲರಾಗಿದ್ದವರು. ಅಂಬಾರಿಯ ಮೇಲೆ ಕುಳಿತವರೂ, ಅಂಬಾರಿ ಹೋಗುವಾಗ ದೂರ ನಿಲ್ಲಬೇಕಾಗಿದ್ದ ಕೇರಿಯಿಂದ ಬಂದವರೂ ಒಂದೇ ಹುದ್ದೆಯಲ್ಲಿ ಕುಳಿತರು. ಗುಂಡ್ಲುಪೇಟೆಯಿಂದ ಏಳು ಬಾರಿ ಗೆದ್ದ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ರಾಜರಿದ್ದಿದ್ದರೆ ಇವರಿಬ್ಬರ ಹೆಸರು ಅರಮನೆಯ ಯಾವ ಪುಸ್ತಕದಲ್ಲಿ ಇರುತ್ತಿತ್ತು?

ಹಾಗೆಂದು ‘ರಾಜರಿದ್ದಿದ್ದರೆ’ ಎಂದು ನಿಟ್ಟುಸಿರು ಬಿಡುವವರನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಅವರು ಕೇಳುತ್ತಿರುವುದು ಅಂಬಾರಿಯನ್ನಲ್ಲ. ಹೂಳು ತೆಗೆದ ಕೆರೆಯನ್ನು, ಲಂಚವಿಲ್ಲದ ಕಚೇರಿಯನ್ನು, ತಮ್ಮ ಮಾತಿಗೆ ಕಿವಿಗೊಡುವ ಒಬ್ಬರನ್ನು ಕೇಳುತ್ತಿದ್ದಾರೆ. ಅದು ಸಿಗದಾಗ ಜನ ಹಿಂದಕ್ಕೆ ನೋಡುತ್ತಾರೆ. ಜರ್ಮನಿಯಲ್ಲೂ ಹಾಗೆಯೇ ನೋಡಿದರು, ಪಟದಲ್ಲಿದ್ದ ಮೀಸೆಯ ಕೈಸರನನ್ನು ಹುಡುಕಿಕೊಂಡು ಹೊರಟು ಇನ್ನೊಂದು ಮೀಸೆಯವನ ಕೈಗೆ ಸಿಕ್ಕಿಬಿದ್ದರು. ಆ ನಿಟ್ಟುಸಿರಿನಲ್ಲಿ ಅಷ್ಟು ಅಪಾಯವಿದೆ.

1997ರ ಆಗಸ್ಟ್ 15ರಂದು ಚಾಮರಾಜನಗರ ಜಿಲ್ಲೆಯಾದಾಗ ರಾಜರ ತಾಲ್ಲೂಕು, ಪೂರ್ಣಯ್ಯನವರ ಜಹಗೀರು, ಕಲೆಕ್ಟರರ ತಾಲ್ಲೂಕು ಎಲ್ಲ ಒಂದೇ ಕಚೇರಿಯ ಕೆಳಗೆ ಬಂದವು. ಅಲ್ಲಿಗೆ ಬರುವ ಅರ್ಜಿಗಳಲ್ಲಿ ರೈಲಿನದೂ ಒಂದು. 1926ರಲ್ಲಿ ಬಂದ ರೈಲು ಇವತ್ತಿಗೂ ಚಾಮರಾಜನಗರದಲ್ಲೇ ನಿಲ್ಲುತ್ತದೆ, ಮುಂದೆ ಹಳಿಯಿಲ್ಲ. ಹಳಿ ಹಾಕಿ ಎಂದು ಕೊಳ್ಳೇಗಾಲದವರೂ ನಮ್ಮವರೂ ಈಗ ಒಟ್ಟಿಗೆ ಕೇಳುತ್ತಿದ್ದಾರೆ. ಸಿಕ್ಕಿಲ್ಲ, ನಿಜ. ಕೇಳುವುದನ್ನೂ ನಿಲ್ಲಿಸಿಲ್ಲ.